ಅಪ್ಪನ ಹೆಸರಿದೆ, ಮಾಡಿದ ಕೆಲಸವೆಲ್ಲಿ?

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಪರೀಕ್ಷಾ ಶುಲ್ಕದ ರಸೀದಿಗಳ ನಡುವೆ ಅಲ್ಲಿ ರೆಸ್ಯೂಮೆಯೂ ತಯಾರಾಗುತ್ತದೆ. ಅಂಗಡಿಯವರು ಹಿಂದೆ ಯಾರಿಗೋ ಮಾಡಿಕೊಟ್ಟ ಫೈಲ್ ತೆರೆದು ಹೆಸರು ಬದಲಿಸುತ್ತಾರೆ, ಅಂಕಗಳನ್ನು ಬದಲಿಸುತ್ತಾರೆ, ಪ್ರಿಂಟ್ ಒತ್ತುತ್ತಾರೆ. ಮೇಲ್ಗಡೆಯ ‘ಕರಿಯರ್ ಆಬ್ಜೆಕ್ಟಿವ್’ಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಜೊತೆಗೆ ತಾನೂ ಬೆಳೆಯಬೇಕೆಂಬ ಅದೇ ಇಂಗ್ಲಿಷ್ ವಾಕ್ಯ ಬೀದರ್‌ನಿಂದ ಚಾಮರಾಜನಗರದವರೆಗೆ ಊರೂರು ಅಲೆಯುತ್ತಿದೆ. ಎರಡನೇ ಪುಟದಲ್ಲಿ ತಂದೆಯ ಹೆಸರು, ಧರ್ಮ, ವಿವಾಹಿತರೋ ಅವಿವಾಹಿತರೋ, ಹವ್ಯಾಸ ಕ್ರಿಕೆಟ್ ಮತ್ತು ಹಾಡು ಕೇಳುವುದು. ಕೊನೆಗೆ ‘ಐ ಹಿಯರ್‌ಬೈ ಡಿಕ್ಲೇರ್’ ಎಂಬ ಪ್ರಮಾಣವಚನ, ಸ್ಥಳ, ದಿನಾಂಕ, ಸಹಿ.

ಇಷ್ಟೆಲ್ಲ ಇದ್ದೂ, ಈ ಹುಡುಗ ಅಥವಾ ಹುಡುಗಿಗೆ ಏನು ಮಾಡಲು ಬರುತ್ತದೆ ಎಂಬ ಒಂದು ಸಾಲು ಅದರಲ್ಲಿ ಇರುವುದಿಲ್ಲ.

ತಪ್ಪು ಅಂಗಡಿಯವರದಲ್ಲ. ಈ ನಮೂನೆ ಬಂದಿರುವುದು ಸರ್ಕಾರಿ ಅರ್ಜಿಯಿಂದ. ಕೆಪಿಎಸ್‌ಸಿ ಅಥವಾ ಕೆಇಎ ಅರ್ಜಿಯಲ್ಲಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಜಾತಿ, ಗ್ರಾಮೀಣ ಅಭ್ಯರ್ಥಿಯೇ, ಕನ್ನಡ ಮಾಧ್ಯಮವೇ, ಕಲ್ಯಾಣ ಕರ್ನಾಟಕದ 371ಜೆ ಅನ್ವಯಿಸುತ್ತದೆಯೇ ಎಂದು ಕೇಳುವುದಕ್ಕೆ ಕಾರಣವಿದೆ. ವಯೋಮಿತಿಯೂ ಮೀಸಲಾತಿಯೂ ಕಾನೂನಿನ ವಿಷಯ. ಕಾಲಂ ಖಾಲಿ ಬಿಟ್ಟರೆ ಹಕ್ಕೇ ತಪ್ಪಿಹೋಗುತ್ತದೆ. ಅಲ್ಲಿ ಆಯ್ಕೆ ನಡೆಯುವುದು ಪರೀಕ್ಷೆಯ ಅಂಕದ ಮೇಲೆ, ಅರ್ಜಿಯ ಸೊಗಸಿನ ಮೇಲಲ್ಲ. ಖಾಸಗಿ ಕಂಪನಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಇನ್ನೂರು ಅರ್ಜಿಗಳಲ್ಲಿ ಹತ್ತು ಜನರನ್ನು ಕರೆಯಬೇಕಾದ ಎಚ್‌ಆರ್ ಅಧಿಕಾರಿಗೆ ಅಪ್ಪನ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ. ಈ ಕೆಲಸವನ್ನು ಈ ವ್ಯಕ್ತಿ ಮಾಡಬಲ್ಲರೇ ಎಂಬುದೊಂದೇ ಅವರಿಗೆ ಬೇಕು. ನಮ್ಮ ಪದವಿ ಕಾಲೇಜುಗಳಿಂದ ಹೊರಬೀಳುವ ಬಹುಪಾಲು ರೆಸ್ಯೂಮೆಗಳು ಆ ಪ್ರಶ್ನೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಕೊಡುತ್ತವೆ.

ಕೆಲಸ ಕೊಡುವವರ ಅಗತ್ಯ ಅರಿತು ಬರೆಯುವುದು ಎಂಬಿಎ ಕಾಲದ ಹೊಸ ಉಪಾಯವೇನಲ್ಲ. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನ ಲಿಯನಾರ್ಡೊ ಡ ವಿಂಚಿ ಇಟಲಿಯ ಮಿಲಾನ್ ನಗರವನ್ನು ಆಳುತ್ತಿದ್ದ ಲುಡೋವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಅದರ ಕರಡು ಇಂದಿಗೂ ಮಿಲಾನ್‌ನ ಆಂಬ್ರೋಸಿಯಾನಾ ಗ್ರಂಥಾಲಯದಲ್ಲಿದೆ. ಫ್ಲಾರೆನ್ಸ್‌ನಲ್ಲಿ ಚಿತ್ರಕಾರನೆಂದು ಹೆಸರು ಮಾಡಿದ್ದವನು ಪತ್ರದ ಆರಂಭದಲ್ಲಿ ಚಿತ್ರಕಲೆಯ ಸುದ್ದಿಯನ್ನೇ ಎತ್ತುವುದಿಲ್ಲ. ಹೊತ್ತೊಯ್ಯಬಹುದಾದ ಹಗುರ ಸೇತುವೆ, ಕೋಟೆಗೆ ಮುತ್ತಿಗೆ ಹಾಕುವಾಗ ಕಂದಕದ ನೀರು ತೆಗೆಯುವ ಬಗೆ, ಫಿರಂಗಿ, ಶತ್ರುಗಳ ನಡುವೆ ನುಗ್ಗುವ ಮುಚ್ಚಿದ ರಥ ಎಂದು ಒಂದೊಂದಾಗಿ ಯುದ್ಧದ ಕಸುಬನ್ನು ಹೇಳುತ್ತ ಹೋಗುತ್ತಾನೆ. ಶಾಂತಿಕಾಲದ ಕಟ್ಟಡ, ಕಾಲುವೆ, ಶಿಲ್ಪ, ಚಿತ್ರಗಳಿಗೆ ಜಾಗ ಸಿಗುವುದು ಕೊನೆಯಲ್ಲಿ. ಕಾರಣ ಸರಳ: ಅಕ್ಕಪಕ್ಕದ ರಾಜ್ಯಗಳ ಜೊತೆ ಜಗಳವಿದ್ದ ಸ್ಫೋರ್ಜಾನಿಗೆ ಆಗ ಬೇಕಿದ್ದದ್ದು ಎಂಜಿನಿಯರ್. ಇದರಲ್ಲಿ ಯಾವುದರ ಬಗ್ಗೆಯಾದರೂ ಅನುಮಾನವಿದ್ದರೆ ತಮ್ಮ ಉದ್ಯಾನದಲ್ಲೇ ಮಾಡಿ ತೋರಿಸಲು ಸಿದ್ಧ ಎಂದು ಆತ ಮುಗಿಸುತ್ತಾನೆ. ಹೇಳಿಕೊಂಡಿದ್ದರಲ್ಲಿ ಎಷ್ಟನ್ನು ಆತ ಅದುವರೆಗೆ ಕಟ್ಟಿದ್ದನೆಂಬುದು ಬೇರೆ ಮಾತು. ಅಷ್ಟರ ಮಟ್ಟಿಗೆ ಅದೂ ಇಂದಿನ ರೆಸ್ಯೂಮೆಯೇ. ಆದರೆ ಓದುವವನಿಗೆ ಏನು ಬೇಕೆಂದು ಯೋಚಿಸಿ ಕ್ರಮ ಹಾಕಿದ ಜಾಣತನ ಮಾತ್ರ ಕಲಿಯಬೇಕಾದ್ದು.

ಈಗ ಓದುವವರ ಬಳಿ ಉದ್ಯಾನದಲ್ಲಿ ಕೂತು ಓದುವಷ್ಟು ಬಿಡುವಿಲ್ಲ. ಅಮೆರಿಕದ ‘ದ ಲ್ಯಾಡರ್ಸ್’ ಎಂಬ ಉದ್ಯೋಗ ತಾಣ ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು, ಮೊದಲ ನೋಟಕ್ಕೆ ಸಿಗುವ ಸಮಯ ಸುಮಾರು 6 ಸೆಕೆಂಡು ಎಂದು 2012ರಲ್ಲಿ ಹೇಳಿತು. 2018ರಲ್ಲಿ ಅದು 7.4 ಸೆಕೆಂಡು ಎಂದಿತು. ಉದ್ಯೋಗಾರ್ಥಿಗಳಿಂದಲೇ ವ್ಯವಹಾರ ನಡೆಸುವ ಕಂಪನಿಯ ಲೆಕ್ಕವಿದು, ಆದ್ದರಿಂದ ದಶಮಾಂಶಕ್ಕೆ ಜೋತುಬೀಳಬೇಕಿಲ್ಲ. ಆದರೆ ಆ ಕೆಲವೇ ಕ್ಷಣಗಳಲ್ಲಿ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ಉಪಯುಕ್ತ: ಹೆಸರು, ಈಗಿನ ಹುದ್ದೆ ಮತ್ತು ಕಂಪನಿ, ಹಿಂದಿನ ಹುದ್ದೆ, ಸೇರಿದ-ಬಿಟ್ಟ ದಿನಾಂಕಗಳು, ಓದು. ಈ ಪಟ್ಟಿಯಲ್ಲಿ ‘ಆಬ್ಜೆಕ್ಟಿವ್’ ಇಲ್ಲ, ಹವ್ಯಾಸವಿಲ್ಲ, ಪ್ರಮಾಣವಚನವಂತೂ ಇಲ್ಲವೇ ಇಲ್ಲ. ಎರಡು ಪುಟದಲ್ಲಿ ಮುಕ್ಕಾಲು ಪುಟವನ್ನು ಯಾರೂ ಓದದ ಸಂಗತಿಗಳಿಗೆ ಬಿಟ್ಟುಕೊಟ್ಟು, ಓದುವ ಜಾಗದಲ್ಲಿ ‘ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್’ ಎಂದು ಬರೆದರೆ ಫೋನ್ ಬರುವುದಾದರೂ ಹೇಗೆ?

ಹೊಸಬರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ‘ಈಗಷ್ಟೇ ಡಿಗ್ರಿ ಮುಗಿದಿದೆ, ಬರೆಯಲು ಏನಿದೆ ಸಾರ್?’ ಇದೆ. ಬರೆಯುವುದಕ್ಕೆ ಯೋಗ್ಯವೆಂದು ಯಾರೂ ಹೇಳಿಲ್ಲ, ಅಷ್ಟೇ.

ಶಿವಮೊಗ್ಗದ ಕಡೆಯ ಒಬ್ಬ ಬಿ.ಕಾಂ. ಹುಡುಗನನ್ನು ಊಹಿಸಿಕೊಳ್ಳಿ. ಅಡಿಕೆ ಸುಗ್ಗಿಯಲ್ಲಿ ಮಂಡಿಯೊಂದರಲ್ಲಿ ಕೂತು ಲೆಕ್ಕ ಬರೆದಿದ್ದಾನೆ. ಅವನ ರೆಸ್ಯೂಮೆಯಲ್ಲಿರುವುದು ‘ಟ್ಯಾಲಿ ಗೊತ್ತು’ ಎಂಬ ಎರಡೇ ಪದ. ಅದರ ಬದಲು, ಎರಡು ಸುಗ್ಗಿ ಮಂಡಿಯಲ್ಲಿ ಕೆಲಸ, ದಿನಕ್ಕೆ ಸುಮಾರು ಇಷ್ಟು ಬಿಲ್ ಟ್ಯಾಲಿಗೆ ನಮೂದು, ರೈತರ ಮುಂಗಡ ಮತ್ತು ಬಾಕಿಯ ಖಾತೆ ನಿರ್ವಹಣೆ, ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಲೆಕ್ಕ ಸಿದ್ಧಪಡಿಸಿ ಆಡಿಟರಿಗೆ ಕೊಡುತ್ತಿದ್ದದ್ದು ಎಂದು ಬರೆದರೆ ಅದು ಬೇರೆಯೇ ಅರ್ಜಿ. ಅಕೌಂಟ್ಸ್ ಅಸಿಸ್ಟೆಂಟ್ ಹುಡುಕುತ್ತಿರುವ ಯಾವ ಕಂಪನಿಯೂ ಆ ನಾಲ್ಕು ಸಾಲುಗಳನ್ನು ದಾಟಿ ಹೋಗಲಾರದು. ‘ಅದು ನಮ್ಮ ಮಾವನ ಮಂಡಿ, ಅದನ್ನೆಲ್ಲ ಬರೆಯುತ್ತಾರಾ’ ಎಂಬ ಸಂಕೋಚವೇ ಅವನಿಗೆ ಅಡ್ಡ. ಮಾವನ ಮಂಡಿಯಾದರೂ ಡೆಬಿಟ್ ಡೆಬಿಟ್ಟೇ.

ಪೀಣ್ಯದ ವರ್ಕ್‌ಶಾಪಿಗೆ ಅರ್ಜಿ ಹಾಕುವ ಐಟಿಐ ಹುಡುಗನ ವಿಷಯವೂ ಹೀಗೆಯೇ. ‘ಮೆಷಿನ್ ಕೆಲಸದಲ್ಲಿ ಅನುಭವ’ ಎಂದರೆ ಸೂಪರ್‌ವೈಸರ್‌ಗೆ ಏನೂ ತಿಳಿಯುವುದಿಲ್ಲ. ಸಿಎನ್‌ಸಿ ಟರ್ನಿಂಗೋ ಮಿಲ್ಲಿಂಗೋ, ಕಂಟ್ರೋಲ್ ಫ್ಯಾನಕ್ಕೋ ಸೀಮೆನ್ಸೋ, ಬರೀ ಆಪರೇಟರೋ ಅಥವಾ ಡ್ರಾಯಿಂಗ್ ನೋಡಿ ಸೆಟ್ಟಿಂಗ್ ಮಾಡಬಲ್ಲನೋ, ವರ್ನಿಯರ್ ಮಾತ್ರವೋ ಮೈಕ್ರೋಮೀಟರೂ ಹಿಡಿದಿದ್ದಾನೋ ಎಂಬುದರ ಮೇಲೆ ಸಂಬಳ ನಿಂತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳದು ಇನ್ನೊಂದು ಕಥೆ. ‘ಐಒಟಿ ಬಳಸಿ ಸ್ಮಾರ್ಟ್ ನೀರಾವರಿ’ ಎಂಬ ಪ್ರಾಜೆಕ್ಟ್ ಕಾಣದ ರೆಸ್ಯೂಮೆ ಕಂತೆ ಅಪರೂಪ. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಇವೆಯೆಂದು ಸಂದರ್ಶಕರಿಗೂ ಗೊತ್ತು. ನಾಲ್ಕು ಜನರ ಬ್ಯಾಚಿನಲ್ಲಿ ‘ನಾನು ಮಾಡಿದ್ದು ಇದು’ ಎಂಬ ಒಂದು ವಾಕ್ಯ, ಅಂದರೆ ಸೆನ್ಸರ್ ಜೋಡಿಸಿದ್ದೋ, ಕೋಡ್ ಬರೆದದ್ದೋ, ತೋಟದಲ್ಲಿ ಒಂದು ವಾರ ಇಟ್ಟು ಪರೀಕ್ಷಿಸಿದ್ದೋ, ಪ್ರಾಜೆಕ್ಟಿನ ಉದ್ದ ಹೆಸರಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಕನ್ನಡದ ಮಕ್ಕಳು ತಮ್ಮ ದೊಡ್ಡ ಬಂಡವಾಳವನ್ನು ಕೊನೆಯ ಸಾಲಿಗೆ ತಳ್ಳುವುದೂ ಇದೆ. ‘ಲ್ಯಾಂಗ್ವೇಜಸ್ ನೋನ್’ ಎಂಬಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಎಂದು ಬರೆದು ಮುಗಿಸುತ್ತಾರೆ. ಬೆಳಗಾವಿಯಲ್ಲಿ ಬೀಜ-ಗೊಬ್ಬರ ಮಾರುವ ಕಂಪನಿಗೆ ಕನ್ನಡ ಮತ್ತು ಮರಾಠಿ ಎರಡರಲ್ಲೂ ರೈತರೊಂದಿಗೆ ಮಾತಾಡಬಲ್ಲವರು ಬೇಕು. ಕಲಬುರಗಿಯ ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲಿ ಕನ್ನಡದ ಜೊತೆ ಉರ್ದು, ತೆಲುಗು ಬಂದರೆ ಅದೇ ಅರ್ಧ ಅರ್ಹತೆ. ಬೆಂಗಳೂರಿನ ಗ್ರಾಹಕ ಸೇವಾ ಕೇಂದ್ರಕ್ಕೆ ಹಳ್ಳಿಯ ಗ್ರಾಹಕರ ಕನ್ನಡ ತಿಳಿಯುವ ಕಿವಿ ಬೇಕು. ಇಂಥ ಹುದ್ದೆಗೆ ಭಾಷೆ ಮೊದಲ ಪುಟದ ಮೊದಲ ಸಾಲುಗಳಲ್ಲೇ ಬರಬೇಕು.

ಆದರೆ ಎಲ್ಲ ರೆಸ್ಯೂಮೆಗಳನ್ನೂ ಮೊದಲು ಮನುಷ್ಯರೇ ನೋಡುತ್ತಾರೆಂದಿಲ್ಲ. ನೌಕ್ರಿ ಡಾಟ್ ಕಾಮ್ 1997ರಲ್ಲಿ ಶುರುವಾಯಿತು, ಲಿಂಕ್ಡ್‌ಇನ್ 2003ರಲ್ಲಿ. ಅಲ್ಲಿಂದೀಚೆಗೆ ಕಾಗದದ ಕಂತೆ ಕಡಿಮೆಯಾಗಿ ಹುಡುಕಾಟ ಕಂಪ್ಯೂಟರಿಗೆ ಬಂತು. ನೇಮಕಾತಿ ಮಾಡುವವರು ತಮಗೆ ಬೇಕಾದ ಪದಗಳನ್ನು ಟೈಪ್ ಮಾಡುತ್ತಾರೆ, ಅನುಭವ, ಊರು, ನೋಟಿಸ್ ಅವಧಿಯ ಜರಡಿ ಹಿಡಿಯುತ್ತಾರೆ, ಮೇಲೆ ಬಂದ ಮೂವತ್ತು-ನಲವತ್ತನ್ನು ತೆರೆದು ನೋಡುತ್ತಾರೆ. ಯಂತ್ರವೇ ಶೇಕಡಾ 75ರಷ್ಟು ಅರ್ಜಿಗಳನ್ನು ಕಸಕ್ಕೆ ಹಾಕುತ್ತದೆ ಎಂದು ಹೆದರಿಸಿ ರೆಸ್ಯೂಮೆ ಮಾಡಿಕೊಡುವ ಸೇವೆಗಳನ್ನು ಮಾರುವವರಿದ್ದಾರೆ. ಆ ಅಂಕಿಯ ಹಿಂದೆ ಗಟ್ಟಿ ಅಧ್ಯಯನವಿಲ್ಲ. ನಿಜವಾದ ತೊಂದರೆ ಇನ್ನೂ ಸಾದಾ. ಬಣ್ಣದ ಪಟ್ಟಿ, ಎರಡು ಕಾಲಂ, ಟೇಬಲ್, ನಕ್ಷತ್ರ ಹಾಕಿ ಕೌಶಲ ತೋರಿಸುವ ಚಿತ್ರಗಳಿರುವ ಸುಂದರ ಟೆಂಪ್ಲೇಟನ್ನು ಕೆಲವು ತಂತ್ರಾಂಶಗಳು ಕಲಸುಮೇಲೋಗರ ಮಾಡಿ ಓದುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದ ರೆಸ್ಯೂಮೆಯಲ್ಲಿ ಎಷ್ಟೋ ತಂತ್ರಾಂಶಗಳಿಗೆ ಅಕ್ಷರಗಳೇ ಕಾಣುವುದಿಲ್ಲ. ಪರೀಕ್ಷಿಸುವ ವಿಧಾನ ಉಚಿತ: ಫೈಲಿನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿದರಾಯಿತು. ಅಲ್ಲಿ ಕ್ರಮವಾಗಿ ಓದಲು ಬಂದರೆ ಬಹುಮಟ್ಟಿಗೆ ಯಂತ್ರಕ್ಕೂ ಬರುತ್ತದೆ. ಇನ್ನು ಪದಗಳ ವಿಷಯ. ಜಾಹೀರಾತಿನಲ್ಲಿ ‘ಜಿಎಸ್‌ಟಿ ರಿಟರ್ನ್ಸ್’ ಎಂದಿದ್ದರೆ ಅರ್ಜಿಯಲ್ಲಿ ‘ಇಂಡೈರೆಕ್ಟ್ ಟ್ಯಾಕ್ಸ್ ಕೆಲಸ’ ಎಂದು ಬರೆದು ಪಾಂಡಿತ್ಯ ತೋರಿಸುವುದು ಬೇಡ. ಗೊತ್ತಿರುವ ಕೆಲಸವಾದರೆ ಅವರ ಪದದಲ್ಲೇ ಹೇಳಬೇಕು.

ಯಂತ್ರವನ್ನು ಪೂರ್ತಿ ನಿರಪರಾಧಿಯೆನ್ನಲೂ ಆಗದು. ಅಮೆಜಾನ್ ಕಂಪನಿ 2014ರಿಂದ ಅಭಿವೃದ್ಧಿಪಡಿಸುತ್ತಿದ್ದ ರೆಸ್ಯೂಮೆ ಅಳೆಯುವ ತಂತ್ರಾಂಶವು ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ಓದಿ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಪರಿಣಾಮವಾಗಿ ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂಬಂಥ ಸಾಲು ಕಂಡರೆ ಅಂಕ ಕಡಿಮೆ ಮಾಡುತ್ತಿತ್ತು ಎಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ಕಂಪನಿ ಅದನ್ನು ಕೈಬಿಟ್ಟಿತು. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ ಅಮೆರಿಕ, ಬ್ರಿಟನ್, ಜರ್ಮನಿಯ ಕಂಪನಿಗಳನ್ನು ವಿಚಾರಿಸಿದಾಗ, ಅರ್ಹರಾಗಿದ್ದೂ ಮಾನದಂಡಕ್ಕೆ ಅಕ್ಷರಶಃ ಹೊಂದದ ಅಭ್ಯರ್ಥಿಗಳು ಜರಡಿಯಲ್ಲಿ ಸೋರಿಹೋಗುತ್ತಿದ್ದಾರೆಂದು ಬಹುಪಾಲು ಕಂಪನಿಗಳೇ ಒಪ್ಪಿಕೊಂಡವು. ಆರು ತಿಂಗಳಿಗಿಂತ ಹೆಚ್ಚು ಕೆಲಸವಿಲ್ಲದೆ ಇದ್ದವರನ್ನು ಸುಮಾರು ಅರ್ಧದಷ್ಟು ಕಂಪನಿಗಳು ಮೊದಲೇ ಬದಿಗಿಡುತ್ತಿದ್ದವು.

ಆ ಆರು ತಿಂಗಳಿಗೆ ಕರ್ನಾಟಕದಲ್ಲಿ ಬೇರೊಂದು ಅರ್ಥವಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ, ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಅಂದರೆ ಸರ್ಕಾರದ ನೆರವು ಶುರುವಾಗುವ ಹೊತ್ತಿಗೇ ರೆಸ್ಯೂಮೆಯಲ್ಲಿ ಕಂಪನಿಗಳು ಹುಬ್ಬೇರಿಸುವಂಥ ಖಾಲಿ ಜಾಗ ಬಿದ್ದಿರುತ್ತದೆ. ಆ ಜಾಗವನ್ನು ಮುಚ್ಚಿಡಲು ದಿನಾಂಕ ತಿದ್ದುವವರಿದ್ದಾರೆ. ಅದರ ಬದಲು ತುಂಬಬೇಕು: ಒಂದು ಸಣ್ಣ ಕೋರ್ಸ್, ಆಡಿಟರ್ ಕಚೇರಿಯಲ್ಲಿ ಮೂರು ತಿಂಗಳು, ಹಾಲಿನ ಡೇರಿಯಲ್ಲಿ ಲೆಕ್ಕ, ಸ್ತ್ರೀಶಕ್ತಿ ಸಂಘದ ಪುಸ್ತಕ ನಿರ್ವಹಣೆ. ಮಗುವಿನ ಆರೈಕೆಗೋ ತಂದೆಯ ಕಾಯಿಲೆಗೋ ಮನೆಯಲ್ಲಿದ್ದವರು ಅದನ್ನು ವರ್ಷದ ಸಮೇತ ಒಂದೇ ಸಾಲಿನಲ್ಲಿ ನೇರವಾಗಿ ಬರೆಯಲಿ. ಖಾಲಿ ಬಿಟ್ಟರೆ ಓದುವವರು ತಮಗೆ ತೋಚಿದ ಕಾರಣ ಕಲ್ಪಿಸಿಕೊಳ್ಳುತ್ತಾರೆ.

ಸುಳ್ಳಿನ ದಾರಿ ಹಿಂದಿಗಿಂತ ಈಗ ಕಿರಿದಾಗಿದೆ. ಯಾಹೂ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಕಾಟ್ ಥಾಂಪ್ಸನ್ ಅವರ ಪರಿಚಯದಲ್ಲಿ ಅವರು ಪಡೆಯದಿದ್ದ ಕಂಪ್ಯೂಟರ್ ಸೈನ್ಸ್ ಪದವಿ ಸೇರಿಕೊಂಡಿದ್ದು ಬಯಲಾಗಿ, 2012ರ ಮೇ ತಿಂಗಳಲ್ಲಿ, ಸೇರಿದ ಕೆಲವೇ ತಿಂಗಳಿಗೆ ಕುರ್ಚಿ ಬಿಡಬೇಕಾಯಿತು. ನಕಲಿ ಅನುಭವ ಪತ್ರ ಕೊಟ್ಟವರನ್ನು ಕೆಲಸದಿಂದ ತೆಗೆದಿದ್ದಾಗಿ ಅಕ್ಸೆಂಚರ್ ಇಂಡಿಯಾ 2022ರಲ್ಲಿ ಹೇಳಿತು. ‘ಮೂರು ವರ್ಷದ ಅನುಭವ ಹಾಕಿಸಿಕೊಡುತ್ತೇವೆ’ ಎನ್ನುವ ಕನ್ಸಲ್ಟೆನ್ಸಿಗಳಿಗೆ ಹಣ ಕಟ್ಟುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರೆಂಬ ಇತಿಹಾಸ ಇರುತ್ತದೆ, ಅಂಕಪಟ್ಟಿಗಳು ಡಿಜಿಲಾಕರ್‌ಗೆ ಬರುತ್ತಿವೆ. ಪತ್ತೆಯಾಗುವುದು ಆಫರ್ ಕೈಗೆ ಬಂದ ಮೇಲೆ, ಹಳೆಯ ಕೆಲಸ ಬಿಟ್ಟ ಮೇಲೆ.

ಚಾಟ್‌ಜಿಪಿಟಿಯಂಥ ಸಾಧನಗಳದು ಹೊಸ ಗೋಳು. ಹಿಂದೆ ಒಂದೇ ಜೆರಾಕ್ಸ್ ಅಂಗಡಿಯ ರೆಸ್ಯೂಮೆಗಳು ಒಂದೇ ಥರ ಇರುತ್ತಿದ್ದವು. ಈಗ ಇಡೀ ದೇಶದವು. ವ್ಯಾಕರಣ ತಿದ್ದಿಸಿಕೊಳ್ಳಲು ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ಇಂಗ್ಲಿಷ್ ಮಾಧ್ಯಮದಲ್ಲಿ ಓದದವರಿಗೆ ಅದೊಂದು ನಿಜವಾದ ಸಹಾಯ. ಆದರೆ ಮಂಡಿಯಲ್ಲಿ ದಿನಕ್ಕೆ ಎಷ್ಟು ಬಿಲ್ ಬರೆದೆವೆಂದು ಅದಕ್ಕೆ ಗೊತ್ತಿಲ್ಲ. ಹೇಳದಿದ್ದರೆ ತಾನೇ ಒಂದು ಅಂಕಿ ಹುಟ್ಟಿಸಿ, ದಕ್ಷತೆಯನ್ನು ಶೇಕಡಾ 30ರಷ್ಟು ಹೆಚ್ಚಿಸಿದರೆಂದು ಬರೆದುಬಿಡುತ್ತದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಆ ಸಾಲಿನ ಮೇಲೆಯೇ ಬಂದಾಗ ಹುಡುಗ ತಡವರಿಸುತ್ತಾನೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ಕರೆ ಬಾರದಿರಬಹುದು, ಅದಕ್ಕೆ ಕಾರಣ ಅಭ್ಯರ್ಥಿಯ ಕೈಯಲ್ಲಿ ಇಲ್ಲದಿರಲೂಬಹುದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿ, ಫಲಿತಾಂಶವನ್ನು 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟಿತ್ತು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊದಲ್ಲಿ ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಇದೇ ಬಗೆಯ ಪ್ರಯೋಗ ಮಾಡಿದಾಗ ಬಿಳಿಯರದೆನ್ನಿಸುವ ಹೆಸರುಗಳಿಗೆ ಕಪ್ಪುಜನರದೆನ್ನಿಸುವ ಹೆಸರುಗಳಿಗಿಂತ ಶೇಕಡಾ 50ರಷ್ಟು ಹೆಚ್ಚು ಕರೆ ಬಂದಿತ್ತು. ಹೀಗಿರುವಾಗ ಧರ್ಮ, ಜಾತಿ, ತಂದೆಯ ಉದ್ಯೋಗ, ವೈವಾಹಿಕ ಸ್ಥಿತಿ, ಫೋಟೊಗಳನ್ನು ತಾವಾಗಿಯೇ ಮುಂದಿಟ್ಟು ಪೂರ್ವಗ್ರಹಕ್ಕೆ ಹಿಡಿಕೆ ಕೊಡುವುದೇಕೆ? ಆಧಾರ್ ಸಂಖ್ಯೆ, ಮನೆಯ ಪೂರ್ತಿ ವಿಳಾಸವೂ ಬೇಡ. ಕೆಲಸ ಕೊಡಿಸುವ ಹೆಸರಿನ ವಂಚಕರಿಗೆ ಅವು ಸಿದ್ಧ ಸಾಮಗ್ರಿ. ಆದರೆ ಹೆಸರನ್ನು ಯಾರೂ ಅಳಿಸಲಾರರು. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ಅರ್ಜಿ ನೋಡುವುದು ಕಂಪನಿಗಳಿಗೆ ಕಷ್ಟದ ಕೆಲಸವೇನಲ್ಲ, ಮನಸ್ಸು ಮಾಡಿಲ್ಲ ಅಷ್ಟೇ. ಇದನ್ನು ಹೇಳದೆ, ಕೆಲಸ ಸಿಗದಿರುವುದಕ್ಕೆಲ್ಲ ಮಕ್ಕಳ ರೆಸ್ಯೂಮೆಯೇ ಕಾರಣವೆಂದು ಬೋಧಿಸುವ ತರಬೇತುದಾರರು ಅರ್ಧ ಸತ್ಯ ಮಾತ್ರ ಹೇಳುತ್ತಿದ್ದಾರೆ.

ಹೊಣೆಯ ಒಂದು ಪಾಲು ಕಾಲೇಜುಗಳಿಗೂ ಸೇರಿದ್ದು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಹತ್ತಿರ ಬಂದಾಗ ‘ಪ್ಲೇಸ್‌ಮೆಂಟ್ ಸೆಲ್’ ಎಂಬ ಫಲಕಕ್ಕೆ ಬಣ್ಣ ಬಳಿಯುವ ಕಾಲೇಜುಗಳಿಗೆ ಕೊರತೆಯಿಲ್ಲ. ಅಂತಿಮ ವರ್ಷದಲ್ಲಿ ಒಂದು ದಿನ ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ ‘ಸಾಫ್ಟ್ ಸ್ಕಿಲ್ಸ್’ ಉಪನ್ಯಾಸ ಮಾಡಿಸಿ, ಫೋಟೊ ತೆಗೆಸಿ ಕಡತಕ್ಕೆ ಸೇರಿಸಿದರೆ ಮಕ್ಕಳಿಗೆ ಪ್ರಯೋಜನವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪ್ರಾಂಶುಪಾಲರು ಇದೊಂದನ್ನು ಮಾಡಿ ನೋಡಲಿ: ಐದನೇ ಸೆಮಿಸ್ಟರಿನಲ್ಲಿ ವಾರಕ್ಕೊಂದು ಪೀರಿಯಡ್ ಇದಕ್ಕೆ ಮೀಸಲಿಟ್ಟು, ಪ್ರತಿ ವಿದ್ಯಾರ್ಥಿಯೂ ತಾನು ಮಾಡಿದ ಕೆಲಸಗಳನ್ನು ಮೊದಲು ಕನ್ನಡದಲ್ಲಿ ಬರೆಯಲಿ, ಇಂಗ್ಲಿಷ್ ಆಮೇಲೆ. ಆ ಪುಟಗಳನ್ನು ಊರಿನಲ್ಲೇ ಇರುವ ಬ್ಯಾಂಕ್ ಮ್ಯಾನೇಜರ್, ಆಡಿಟರ್, ಮಂಡಿ ಮಾಲೀಕರು, ಕಾರ್ಖಾನೆಯ ಸೂಪರ್‌ವೈಸರ್ ಒಂದು ಶನಿವಾರ ಬಂದು ಓದಿ, ಯಾರನ್ನು ಕರೆಯುತ್ತಿದ್ದೆವು, ಯಾರನ್ನು ಇಲ್ಲ, ಏಕೆ ಎಂದು ಮಕ್ಕಳ ಮುಂದೆಯೇ ಹೇಳಲಿ. ಇದಕ್ಕೆ ಅನುದಾನ ಬೇಡ, ಇಲಾಖೆಯ ಸುತ್ತೋಲೆಗೂ ಕಾಯಬೇಕಿಲ್ಲ.